ನನ್ನ ಪರೀಕ್ಷೆಗಾಗಿ ನಿಂತ ಮಗ್ಗಗಳು

ಪರೀಕ್ಷೆಯ ಭಯ ದಡಾರದ ಹಾಗೆ. ಸಣ್ಣವರಿದ್ದಾಗ ಬಂದು ಹೋದರೆ ಛಲೋ. ಮೀಸೆಯಲ್ಲಿ ಬಿಳಿಗೂದಲು ಕಂಡ ಮೇಲೆ ಬಂದರೆ ಬಹಳ ಕಾಡುತ್ತದೆ. ನಾನು ರಬಕವಿಯ ನೂಲಿನ ವ್ಯಾಪಾರಿಯೊಬ್ಬರ ಪೇಢಿಯಲ್ಲಿ ಅಕೌಂಟೆಂಟ್. ತೆರಿಗೆ ಇಲಾಖೆಯ ನೋಟಿಸು ಬಂದರೆ ಸಾವಕಾರರು ಮೊದಲು ದೇವರ ಫೋಟೊ ನೋಡಿ, ಆಮೇಲೆ ನನ್ನ ಮುಖ ನೋಡುತ್ತಾರೆ. ಅಂಥ ನಾನು ಸಿ.ಎ. ಪರೀಕ್ಷೆಯ ಹಾಲ್‌ಟಿಕೆಟ್ ಬಂದ ದಿನದಿಂದ ಅನ್ನಕ್ಕೆ ಸಾರು ಹಾಕಿಕೊಂಡೆನೋ ನೀರು ಹಾಕಿಕೊಂಡೆನೋ ತಿಳಿಯದವನಾಗುತ್ತೇನೆ. ಫೈನಲ್ಲಿನ ಒಂದೇ ಒಂದು ಗ್ರೂಪು ಉಳಿದಿತ್ತು. ಉಳಿದಿತ್ತು ಅನ್ನುವುದಕ್ಕಿಂತ, ಹಬ್ಬಕ್ಕೆ ಬಂದ ಬೀಗರು ಊರಿಗೆ ಹೋಗದೆ ಕೂತ ಹಾಗೆ ಕೂತಿತ್ತು.

ಊರು ಸಣ್ಣದು, ಮರೆವು ಇಲ್ಲದ್ದು. ಕ್ಷೌರಕ್ಕೆ ಕೂತರೆ ಕತ್ತಿನ ಮೇಲೆ ಕತ್ತಿ ಇಟ್ಟುಕೊಂಡೇ ಕೇಳುತ್ತಾರೆ, "ಏನ್ರಿ ಸಾಹೇಬ್ರ, ಈ ಸಲಾರ ಆತೇನ್ರಿ?" ಅಲ್ಲಾಡುವ ಹಾಗಿಲ್ಲ, ಸುಳ್ಳು ಹೇಳುವ ಹಾಗೂ ಇಲ್ಲ. ಕಳೆದ ಸಲ ನಪಾಸಾದಾಗ ಸಿಟ್ಟಿನಲ್ಲಿ ಹೆಂಡತಿ ಸವಿತಾಳಿಗೆ ಹೇಳಿಬಿಟ್ಟಿದ್ದೆ: "ಇನ್ನೊಂದ ಸಲ. ಆಗಲಿಲ್ಲಂದ್ರ ಪುಸ್ತಕ ಎಲ್ಲಾ ಅಟ್ಟಕ್ಕ. ಮತ್ತ ಇಳಸಂಗಿಲ್ಲ." ಅವಳು ಬೇಡ ಅನ್ನಬಹುದೆಂದು ಕಾದೆ. ಅವಳು, "ಆಡೀರಿ, ತಪ್ಪಬ್ಯಾಡ್ರಿ ಮತ್ತ," ಅಂದು ಒಳಗೆ ಹೋದಳು. ಹೀಗೆ, ಅರ್ಧ ಆಯುಷ್ಯದ ಓದು ಈ ಒಂದೇ ಸಲದ ಮೇಲೆ ಬಂದು ನಿಂತಿತ್ತು.

ನಮ್ಮ ಮನೆ ಬನಹಟ್ಟಿಯಲ್ಲಿ. ಪಡಸಾಲೆಯ ತುಂಬ ಪವರ್‌ಲೂಮು. ಅಣ್ಣ ಸೀರೆ ನೇಯುತ್ತಾನೆ. ಹೊರಗಿನವರು ನಮ್ಮ ಮನೆಗೆ ಬಂದರೆ ಕಿವಿಗೆ ಕೈ ಇಟ್ಟುಕೊಂಡು ಕೂಗಿ ಮಾತಾಡುತ್ತಾರೆ. ನಮಗೆ ಅದು ಸಪ್ಪಳವೇ ಅಲ್ಲ. ನನ್ನ ತೊಟ್ಟಿಲು ಕಟ್ಟಿದ್ದೇ ಮಗ್ಗದ ಬದಿಯ ತೊಲೆಗೆ. ದಿನಾಲೂ ಪೇಢಿಗೆ ಹೋಗುವ ಮುಂಚೆ ಅದೇ ಖಟಲ್ ಪಟಲ್ ಪಕ್ಕದಲ್ಲಿ ಗೋಡೆಗೆ ಒರಗಿ ಓದುತ್ತಿದ್ದೆ. ಸಾವಕಾರರು ದೊಡ್ಡ ಮನಸ್ಸು ಮಾಡಿ, "ಒಂದ ವಾರ ಮನ್ಯಾಗ ಕುಂತ ಓದ್ರಿ. ಆದ್ರ ಪೋನ್ ಮಾಡಿದ್ರ ಎತ್ರಿ," ಎಂದು ರಜೆ ಕೊಟ್ಟರು.

ರಜೆಯ ಮೊದಲ ದಿನ ಆಡಿಟಿಂಗ್ ಪುಸ್ತಕ ಬಿಚ್ಚಿ ಕೂತೆ. ಮನೆ ಗಪ್ಪಾಗಿತ್ತು. ಕರೆಂಟು ಹೋಗಿದೆ ಅಂದುಕೊಂಡು ಮೇಲೆ ನೋಡಿದರೆ ಫ್ಯಾನು ತಿರುಗುತ್ತಿದೆ. ಅಣ್ಣ ಬಾಗಿಲಲ್ಲಿ ನಿಂತು ಹೆಮ್ಮೆಯಿಂದ ಹೇಳಿದ: "ಓದೋ ತಮ್ಮಾ. ನಿನ್ನ ಪರೀಕ್ಷಾ ಮುಗಿಯೂತನಾ ಮಗ್ಗ ಬಂದ್. ನಾನೂ ಸವಿತಾನೂ ಮಾತಾಡೇವಿ." ದುಡಿಮೆ ನಿಲ್ಲಿಸಿದ್ದಾರೆ, ನನಗಾಗಿ! ಕಣ್ಣಲ್ಲಿ ನೀರು ಬಂತು. ಆಮೇಲೆ ಓದಲು ಶುರುಮಾಡಿದೆ, ಬೆವರು ಬಂತು. ಒಂದಕ್ಷರ ತಲೆಗೆ ಹೋಗುತ್ತಿಲ್ಲ. ಹಲ್ಲಿ ಲೊಚಗುಟ್ಟಿದ್ದು ಕೇಳಿಸುತ್ತದೆ, ನನ್ನ ಹೊಟ್ಟೆ ಗೊರ್ ಅಂದದ್ದು ಕೇಳಿಸುತ್ತದೆ, ಸವಿತಾ ತುದಿಗಾಲಲ್ಲಿ ನಡೆಯುವುದು ಸಹ ಕೇಳಿಸುತ್ತದೆ. ಓದಿದ ಸಾಲನ್ನೇ ಮತ್ತೆ ಓದುತ್ತೇನೆ. ಅದು ನನ್ನ ಗುರುತೇ ಇಲ್ಲದಂತೆ ನೋಡುತ್ತದೆ. ಮಗ್ಗ ಹಚ್ಚಿರೆಂದು ಯಾವ ಬಾಯಿಂದ ಹೇಳಲಿ?

ಎರಡನೆಯ ದಿನ, "ಪೇಢಿಗೆ ಹೋಗಿ ಒಂದ ಡೌಟ್ ಕೇಳಿ ಬರತೇನಿ," ಎಂದು ಪುಸ್ತಕ ಬಗಲಲ್ಲಿಟ್ಟು ಹೊರಬಿದ್ದೆ. ಹಿಂದಿನ ಓಣಿಯಲ್ಲಿ ಬಸಪ್ಪ ಕಾಕಾನ ಮಗ್ಗಗಳು ಭರ್ಜರಿಯಾಗಿ ನಡೆದಿದ್ದವು. ಕಾಲು ತಾನಾಗಿ ಒಳಗೆ ಹೋಯಿತು.

"ಏನೋ, ಮನಿಯಿಂದ ಹೊರಗ ಹಾಕಿದ್ರೇನು?" ಎಂದು ಕಾಕಾ ಕೂಗಿದರು.

"ಇಲ್ಲೆ ಕುಂತ ಓದಲೇನ್ರಿ ಕಾಕಾ?"

"ಓದ್. ಆದ್ರ ನೂಲಿನ ಚೀಲದ ಮ್ಯಾಲ ಚಾ ಚೆಲ್ಲಬ್ಯಾಡ."

ಕೂತದ್ದೇ ತಡ, ಆಡಿಟಿಂಗ್ ಸರಾಗವಾಗಿ ಒಳಗೆ ಇಳಿಯಿತು. ಎರಡು ದಿನ ಸುಖವಾಗಿ ಕಳೆಯಿತು. ಮರುದಿನ ಸವಿತಾ ಕಾಕಾನ ಮನೆಗೆ ಹೆಪ್ಪಿಗೆ ಮೊಸರು ಕೇಳಲು ಬಂದಳು; ಮೊಸರಿನ ಬದಲು ಗಂಡ ಸಿಕ್ಕ.

"ಏನ್ರೀ ಇದು! ನಮ್ಮ ಮಗ್ಗ ಬಂದ್ ಮಾಡಿಸಿ ಮಂದಿ ಮಗ್ಗದ ಮುಂದ ಕುಂತೀರಿ! ಅಲ್ಲಿ ನಾ ಸೀಟಿ ಹೊಡದೀತಂತ ಕುಕ್ಕರ್ ಮುಟ್ಟಿಲ್ಲ, ಗಡಗ್ಯಾಗ ಬ್ಯಾಳಿ ಕುದಸಾಕತ್ತೇನಿ!"

"ಬೈಬ್ಯಾಡವಾ," ಕಾಕಾ ನಡುವೆ ಬಂದರು. "ಅಂವಗ ಸಪ್ಪಳ ಇಲ್ಲಂದ್ರ ತಲಿ ನಡ್ಯಾಂಗಿಲ್ಲ. ನೇಕಾರ ಮಗಾ ಅಂವಾ."

ಸವಿತಾ ಮೊಸರಿನ ಬಟ್ಟಲು ಕೆಳಗಿಟ್ಟು ಕೇಳಿದಳು: "ಹಂಗಾರ ಬೆಳಗಾವ್ಯಾಗ ಪರೀಕ್ಷಾಕ್ಕ ಕುಂತಾಗ ಯಾರ್ ಮಗ್ಗ ಹಚ್ಚತಾರ್ರಿ?"

ಇಷ್ಟು ವರ್ಷ ಪ್ರಶ್ನೆಪತ್ರಿಕೆ ಕಠಿಣ, ಮೌಲ್ಯಮಾಪಕರು ಬಿಗಿ ಎಂದು ಊರೆಲ್ಲ ಹೇಳಿಕೊಂಡು ಬಂದ ನನಗೆ, ಆ ಪರೀಕ್ಷಾ ಹಾಲ್‌ನ ಮೌನ ಒಮ್ಮೆಲೆ ನೆನಪಾಯಿತು.

ಅಂದಿನಿಂದ ನನ್ನ ಶಿಕ್ಷಣ ಹೆಂಡತಿಯ ಕೈಗೆ ಹೋಯಿತು. ಕೂಸಿಗೆ ಮೊಲೆ ಬಿಡಿಸುವ ಕ್ರಮದಲ್ಲಿ ನನಗೆ ಸಪ್ಪಳ ಬಿಡಿಸಿದಳು. ಮಗ್ಗ ನಡೆಯುತ್ತಿರುವಾಗ ಬರೆಯಲು ಕೂರಿಸಿ, ಅಣ್ಣನಿಗೆ ಕಣ್ಸನ್ನೆ ಮಾಡಿ ಒಂದು ಮಗ್ಗ ನಿಲ್ಲಿಸುವುದು. ನಾನು ಗಮನಿಸದಿದ್ದರೆ ಇನ್ನೊಂದು. ಪೆನ್ನು ನಿಂತಿತೋ, "ಬರೀರಿ, ಬರೀರಿ, ಸತ್ತಿಲ್ಲ ಯಾರೂ," ಅನ್ನುವುದು. ಕಡೆಯ ದಿನ ಪೂರಾ ಮೌನದಲ್ಲಿ ಒಂದು ಉತ್ತರ ಬರೆದು ಮುಗಿಸಿದೆ. ಅಣ್ಣ ಚಪ್ಪಾಳೆ ತಟ್ಟಿದ. ನನಗೆ ಧೈರ್ಯ ಮಾತ್ರ ಬರಲಿಲ್ಲ.

ಬೆಳಗಾವಿಯ ಪರೀಕ್ಷಾ ಹಾಲ್‌ನಲ್ಲಿ ಪ್ರಶ್ನೆಪತ್ರಿಕೆ ಕೊಟ್ಟರು. ಮೌನವೆಂದರೆ ಮೌನ. ಕಾಲು ಮಾತ್ರ ಬೆಂಚಿನ ಕೆಳಗೆ ತನ್ನಷ್ಟಕ್ಕೆ ಖಟಲ್ ಪಟಲ್ ಶುರುಮಾಡಿತು. ಮೇಲ್ವಿಚಾರಕರು ಹತ್ತಿರ ಬಂದು ಕರುಣೆಯಿಂದ ಕೇಳಿದರು, "ಅರ್ಜೆಂಟ್ ಐತೇನ್ರಿ? ಹೋಗಿ ಬರ್ರಿ." ಹುಡುಗರೆಲ್ಲ ತಿರುಗಿ ನೋಡಿದರು. ಆ ನಾಚಿಕೆಯಲ್ಲಿ ತಲೆ ತಗ್ಗಿಸಿದವನು ಗಂಟೆ ಬಾರಿಸುವತನಕ ಎತ್ತಲಿಲ್ಲ, ಬರೆದೇ ಬರೆದೆ.

ಫಲಿತಾಂಶದ ದಿನ ಪೇಢಿಯಲ್ಲಿ ನಾನು ಮತ್ತೆ ಮತ್ತೆ ತಪ್ಪು ರೋಲ್ ನಂಬರು ಒತ್ತಿದೆ; ಕಡೆಗೆ ಮೊಬೈಲು ಕಸಿದುಕೊಂಡು ಸಾವಕಾರರೇ ಒತ್ತಿದರು. ಪಾಸು! ಸವಿತಾಳಿಗೆ ಫೋನು ಮಾಡಿದೆ. ಅವಳು ಅಳುತ್ತ ಮೂಗು ಏರಿಸಿದ್ದು ಕೇಳಿಸಿತು.

ಮರುದಿನ ಚಹಾದ ಜೊತೆ ಅವಳು ನಿರಾಳವಾಗಿ ಹೇಳಿದಳು, "ಪರೀಕ್ಷಾ ಮುಗೀಲಿ, ಪರೀಕ್ಷಾ ಮುಗೀಲಿ ಅಂತಿದ್ರಿ. ಮುಗೀತಲ್ಲ. ಇವತ್ತ ಬೀಳಗ್ಯಾಗ ನಮ್ಮಕ್ಕನ ಮನಿ ವಾಸ್ತುಶಾಂತಿ, ನಾಳೆ ಮುಧೋಳದಾಗ ನಿಮ್ಮ ಹಲ್ಲು ಕೀಳಸೂದು, ಐತವಾರ ಅಟ್ಟ ಹಸನ ಮಾಡೂದು." ಅಣ್ಣ ಒಳಗಿನಿಂದ ಕೂಗಿದ, "ದಿನಾ ಮುಂಜಾನಿ ಒಂದ ಮಗ್ಗ ನಡಸಾಕ ಅವಂಗ ಬಿಡವಾ!"

ಸಂಜೆ ನನ್ನ ಜೊತೆ ಪಾಸಾದ ಜಮಖಂಡಿಯ ಗೆಳೆಯನಿಗೆ ಗುಟ್ಟಾಗಿ ಫೋನು ಮಾಡಿದೆ.

"ಇದರ ಮುಂದ ಮತ್ತೊಂದ ಯಾವದಾರ ಪರೀಕ್ಷಾ ಐತೇನೋ?"

"ಐತಿ. ಆದ್ರ ಭಾಳ ಕಠಿಣ. ಲಗೂನ ಪಾಸಾಗಂಗಿಲ್ಲ."

"ಛಲೋ ಆತು," ಅಂದೆ. "ಫಾರ್ಮ್ ಯಾವಾಗ ಬಿಡತಾರ?"