ವಾಪಸು ಬಂದ ಡಬ್ಬಿ

ಬೇರೆಯವರಿಗೆ ಉಪದೇಶ ಮಾಡುವಾಗ ಸಿಗುವ ಸುಖ ಬಂಗಡೆ ಫ್ರೈಯಲ್ಲೂ ಇಲ್ಲ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಈಚೆಗೆ ಆ ನಂಬಿಕೆ ಸ್ವಲ್ಪ ಅಲ್ಲಾಡಿದೆ.

ನಮ್ಮ ಮನೆ ಹಳದೀಪುರದಲ್ಲಿ. ಮೂರನೇ ತರಗತಿಯ ಮಗಳು ಸಾನ್ವಿಯ ಶಾಲೆ, ನನ್ನ ಆಫೀಸು ಎರಡೂ ಹೊನ್ನಾವರದಲ್ಲಿ. ಬೆಳಿಗ್ಗೆ ಹೆಂಡತಿ ಸುಮಾ ಇಬ್ಬರಿಗೂ ಡಬ್ಬಿ ಕಟ್ಟುತ್ತಾಳೆ. ಸಂಜೆ ನನ್ನದು ಖಾಲಿ, ಮಗಳದ್ದು ಅರ್ಧ ತುಂಬಿಯೇ ವಾಪಸು. ಕಚ್ಚಿ ಬಿಟ್ಟ ದೋಸೆ, ಬೆವೆತ ಉಪ್ಪಿಟ್ಟು, ಕಪ್ಪಾದ ಬಾಳೆಹಣ್ಣು. ಚೆಲ್ಲಲು ಮನಸ್ಸಾಗದೆ ಸುಮಾಳೇ ಅದನ್ನು ನಿಂತಲ್ಲೇ ತಿಂದು ಮುಗಿಸುತ್ತಿದ್ದಳು. ತನ್ನ ಹೊಟ್ಟೆ ಎಂತ ಕಲಗಚ್ಚಿನ ಬಕೆಟ್ಟಾ ಎಂದು ಒಂದು ದಿನ ಕೇಳಿಯೇ ಬಿಟ್ಟಳು.

ನಾನು ಮಗಳನ್ನು ಎದುರು ಕೂರಿಸಿಕೊಂಡು ಗದ್ದೆ, ನಾಟಿ, ರೈತನ ಬೆವರು, ಅನ್ನದ ಬೆಲೆ ಎಂದು ಶುರು ಮಾಡಿದೆ. ಜನ್ಮದಲ್ಲಿ ನಾನು ಕೆಸರಿಗೆ ಕಾಲಿಟ್ಟವನಲ್ಲ, ಅದು ಬೇರೆ ಮಾತು. ಅವಳು ಉದ್ದಕ್ಕೆ ಆಕಳಿಸಿ, ತನಗೆ ಬೇಕಾದಷ್ಟನ್ನು ತಾನೇ ಹಾಕಿಕೊಳ್ಳುತ್ತೇನೆ ಎಂದಳು. ಛೆ, ಇದು ನನಗೆ ಹೊಳೆಯಬೇಕಿತ್ತು. ನನಗೇ ಹೊಳೆದಂತೆ ತಲೆಯಾಡಿಸಿ ಕಾಯಿದೆ ಮಾಡಿದೆ: ಅವರವರ ಡಬ್ಬಿಗೆ ಅವರವರೇ ಹಾಕಿಕೊಳ್ಳುವುದು, ಉಳಿದು ಬಂದದ್ದನ್ನು ಸಂಜೆ ಚಹಾದ ಜೊತೆ ಅವರೇ, ಎಲ್ಲರೆದುರು, ತಿಂದು ಮುಗಿಸುವುದು. 'ಎಲ್ಲರೆದುರು' ಎಂಬ ಖಾರವನ್ನು ಮಗಳಿಗೆಂದೇ ಸೇರಿಸಿದ್ದೆ.

ಕಾಯಿದೆ ಫಲಿಸಿತು. ಮಗಳು ಒಂದೇ ದೋಸೆ, ಒಂದು ಚೂರು ಬೆಲ್ಲ ಹಾಕಿಕೊಂಡು ಹೋಗಿ, ಡಬ್ಬಿಯನ್ನು ತೊಳೆದಂತೆ ತರತೊಡಗಿದಳು. ನಾನು ದೊಡ್ಡವನೆಂದು ನಾಲ್ಕು ಹಾಕಿಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ನನ್ನ ಕಾಯಿದೆಯ ಮಹಿಮೆ ಹೇಳುತ್ತಿದ್ದೆ. ಕೆಲವರು ಕಿಟಕಿ ಪಕ್ಕದ ಸೀಟನ್ನೇ ಬಿಟ್ಟು ಎದ್ದು ಹೋದರು.

ಸೋಮವಾರ ನಮ್ಮಲ್ಲಿ ಮೀನು ಮುಟ್ಟುವುದಿಲ್ಲ, ದೇವರ ವಾರ. ಆ ಸೋಮವಾರ ಮಧ್ಯಾಹ್ನ ಡಬ್ಬಿ ತೆರೆಯಬೇಕು ಎನ್ನುವಾಗ ಸಹೋದ್ಯೋಗಿ ಗಣಪತಿ ಮೀನೂಟದ ಹೋಟೆಲಿಗೆ ಕರೆದ. ದಾಕ್ಷಿಣ್ಯಕ್ಕೆ ಹೋದೆ. ದಾಕ್ಷಿಣ್ಯಕ್ಕೇ ಎರಡನೇ ಬಂಗಡೆಯನ್ನೂ ತರಿಸಿದೆ.

ಸಂಜೆ ಬಸ್‌ಸ್ಟ್ಯಾಂಡಿಗೆ ಬಂದಾಗ ಚೀಲದೊಳಗಿನ ತುಂಬಿದ ಡಬ್ಬಿ ನೆನಪಾಯಿತು. ಅಲ್ಲಿದ್ದ ನಾಯಿಗೆ ದೋಸೆ, ಕ್ಯಾಬೇಜ್ ಪಲ್ಯ ತೋರಿಸಿದೆ. ಅದು ಮೂಸಿ ನೋಡಿ ಮೀನು ಮಾರ್ಕೆಟ್ಟಿನ ಕಡೆ ನಡೆಯಿತು. ಅದಕ್ಕೆ ಸೋಮವಾರ ಇರಲಿಲ್ಲ.

ಮನೆಯಲ್ಲಿ ಮಗಳು ಜಗಲಿಯ ಮೇಲೇ ಕಾದಿದ್ದಳು. ಡಬ್ಬಿ ಎತ್ತಿ ನೋಡಿದಳು, ಭಾರ. ಹೊಟ್ಟೆ ಸರಿ ಇರಲಿಲ್ಲ ಎಂದೆ. ಪಾಪ, ಸುಮಾ ಗಾಬರಿಯಾಗಿ ಕಷಾಯಕ್ಕೆ ನೀರಿಟ್ಟಳು. ಮಗಳು ಪ್ರೀತಿಯಿಂದ ನನ್ನ ಕೈ ಹಿಡಿದುಕೊಂಡಳು. ಹಿಡಿದವಳು ಮೂಗಿನ ಹತ್ತಿರ ತಂದಳು.

"ಅಪ್ಪಾ, ನಿನ್ನ ಬೆರಳು ಬಂಗಡೆ ವಾಸನೆ ಬತ್ತದೆ."

ಸುಮಾ ಒಲೆ ಆರಿಸಿದಳು. "ಆತು, ಕೂತ್ಕೊಳ್ಳಿ," ಎಂದು ಡಬ್ಬಿಯ ಮುಚ್ಚಳ ತೆಗೆದು ಎದುರಿಗಿಟ್ಟಳು.

ಸೆಟೆದ ದೋಸೆಯನ್ನು ಎಲ್ಲರೆದುರು ತಿನ್ನತೊಡಗಿದೆ. ಮಗಳು ಎದುರು ಕೂತು ಗದ್ದೆ, ನಾಟಿ, ರೈತನ ಬೆವರು, ಅನ್ನದ ಬೆಲೆ ಎಲ್ಲವನ್ನೂ ಒಂದಕ್ಷರ ಬಿಡದೆ ಒಪ್ಪಿಸಿದಳು. ಆಕಳಿಸಿಕೊಂಡೇ ಎಲ್ಲ ಕೇಳಿಸಿಕೊಂಡಿದ್ದಳು ಎಂದಾಯಿತು. ನಡುವೆ ನನಗೂ ಆಕಳಿಕೆ ಬಂತು. ಬಾಯಿ ತುಂಬ ದೋಸೆ ಇದ್ದದ್ದರಿಂದ ಅದನ್ನೂ ನುಂಗಿಕೊಂಡೆ.