ವಾಲೆಟ್ಟಾದಲ್ಲಿ ನನ್ನ ಬೆಂಚು

ನಾನು ಹೋಗಿಬಂದ ಊರುಗಳ ಬಗ್ಗೆ ಯಾರಾದರೂ ಕೇಳಿದರೆ ಅಲ್ಲಿನ ಬೆಂಚುಗಳ ಬಗ್ಗೆ ಮಾತ್ರ ಖಚಿತವಾಗಿ ಹೇಳಬಲ್ಲೆ. ಗುಂಪು ಕಟ್ಟಿಕೊಂಡು ಪ್ರವಾಸ ಹೊರಡುವ ನಮ್ಮವರಿಗೆ ಬ್ಯಾಗು ಕಾಯಲು ಒಬ್ಬರು ಬೇಕೇ ಬೇಕು. ಹಿಂದೊಮ್ಮೆ ನಯಾಗರಾದಲ್ಲಿ ಮಂಡಿ ಹಿಡಿದುಕೊಂಡಿದೆ ಎಂದು ಬಾಯಿತಪ್ಪಿ ಅಂದಿದ್ದೆ. ಮಂಡಿ ಮರುದಿನವೇ ಸರಿಹೋಯಿತು, ಕೆಲಸ ಮಾತ್ರ ಕಾಯಂ ಆಯಿತು. ಅಲ್ಲಿಂದೀಚೆಗೆ ಶಿಕಾಗೋದ ಮ್ಯೂಸಿಯಮ್ಮುಗಳಾಗಲಿ, ಮ್ಯಾಕಿನಾಕ್ ದ್ವೀಪವಾಗಲಿ, ಬ್ಯಾಗುಗಳ ಆಚೆಗೆ ಎಷ್ಟು ಕಂಡಿತೋ ಅಷ್ಟೇ ನನ್ನ ಪಾಲು.

ಆದರೆ ಮಾಲ್ಟಾದ ವಾಲೆಟ್ಟಾ ನಾನೇ ಹಟ ಹಿಡಿದು ಆರಿಸಿದ ಊರು. ನಾನು ಕೆಲಸಕ್ಕೆ ಹೋಗುವ ವಿಕ್ಸಮ್ ಊರಿನ ಆಫೀಸಿನ ಕಿಟಕಿಯಿಂದ ಕಾಣುವುದು ಪಕ್ಕದ ಗೋಡೌನಿನ ಗೋಡೆ. ಅದರೆದುರು ಮೊಸರನ್ನ ತಿನ್ನುತ್ತಾ ವಾಲೆಟ್ಟಾದ ಹಳೆಯ ಬಂದರಿನ ವಿಡಿಯೋಗಳನ್ನು ವರ್ಷಗಟ್ಟಲೆ ನೋಡಿದ್ದೇನೆ. ಕೋಟೆಯ ಮೇಲೆ ನಿಂತು ಒಮ್ಮೆ ಅದನ್ನು ಕಣ್ತುಂಬ ನೋಡಬೇಕು, ಇಷ್ಟೇ ಆಸೆ. ನಾವು ನೆಲೆಸಿರುವ ವೆಸ್ಟ್ ಬ್ಲೂಮ್‌ಫೀಲ್ಡ್‌ನಿಂದ ನಾನು ಮತ್ತು ಹೆಂಡತಿ ಗಿರಿಜಾ, ಶಿಕಾಗೋ ಪಕ್ಕದ ವೆಸ್ಟ್‌ಮಂಟ್‌ನಿಂದ ನಮ್ಮ ಪ್ರವಾಸದ ಗುಂಪಿನ, ಗದಗಿನ ಕಡೆಯ ಶಬಾನಾ, ಅವಳ ಗಂಡ ಮತ್ತು ಮಗ ಹೊರಟೆವು. ಮೊದಲೆರಡು ದಿನ ಎಲ್ಲರೂ ಕೋಟೆ ಹತ್ತಿದರು, ನಾನು ಅವರ ಕೈಚೀಲಗಳನ್ನು ಕಾಯುತ್ತಾ ಕೆಳಗಿನ ಬೆಂಚಿನಲ್ಲಿ ಕೂತೆ. ಕೊನೆಯ ದಿನ ಬಾಡಿಗೆ ಮನೆ ಖಾಲಿ ಮಾಡಿ ಸೂಟ್‌ಕೇಸುಗಳ ಸಮೇತ ಬೀದಿಗೆ ಬಂದಾಗ, ಇಲ್ಲೆಲ್ಲೋ ಲಾಕರ್ ಇದೆಯಂತೆ ಎಂದು ಮೆಲ್ಲಗೆ ಹೇಳಿ ನೋಡಿದೆ.

"ನೀವಿರೋವಾಗ ಲಾಕರ್ ಯಾಕ್ರೀ?" ಎಂದಳು ಗಿರಿಜಾ.

ನನಗೆ ಅಳುವೇ ಬಂತು. ಸಂಜೆ ವಿಮಾನ ಹತ್ತಿದರೆ ಈ ಜನ್ಮದಲ್ಲಿ ಮತ್ತೆ ಬರುವುದುಂಟೇ? "ನಾನೂ ನೋಡ್ಬೇಕು!" ಎಂದು ನಡುಬೀದಿಯಲ್ಲಿ ಕಿರುಚಿಬಿಟ್ಟೆ. "ಅಂಕಲ್, ಆರ್ ಯೂ ಓಕೆ?" ಎಂದು ಶಬಾನಾಳ ಮಗ ಎರಡು ಹೆಜ್ಜೆ ಹಿಂದೆ ಸರಿದ.

"ಸಿಟ್ಟಾಗಬ್ಯಾಡ್ರಿ ಅಂಕಲ್," ಎಂದಳು ಶಬಾನಾ. "ನಾ ಎರಡ್ ಸಲ ನೋಡೇನಿ. ನೀವ್ ಹೋಗಿ ಬರ್ರಿ, ಇಲ್ಲಿ ನಾ ಕುಂದರ್ತೀನಿ."

ಕೋಟೆಯ ಬುಡದ ಅದೇ ಬೆಂಚಿನಲ್ಲಿ ಬ್ಯಾಗುಗಳ ಜೊತೆ ಅವಳನ್ನು ಕೂರಿಸಿ, ಮದುಮಗನ ಗತ್ತಿನಲ್ಲಿ ಮೆಟ್ಟಿಲು ಹತ್ತಿದೆ. ಅರ್ಧಕ್ಕೆ ಬಂದು ಸುಮ್ಮನೆ ತಿರುಗಿ ನೋಡಿದ್ದೇ ತಪ್ಪಾಯಿತು. ಶಬಾನಾ ಫೋನಿನಲ್ಲಿ ಮುಳುಗಿದ್ದಳು. ನೀಲಿ ಸೂಟ್‌ಕೇಸು ಬೆಂಚಿನಿಂದ ಒಂದು ಮಾರು ದೂರ ಅನಾಥವಾಗಿ ನಿಂತಿತ್ತು. ಪಾಸ್‌ಪೋರ್ಟುಗಳಿದ್ದ ಚೀಲವನ್ನು ಅವಳು ಬೆನ್ನ ಹಿಂದೆ ಇಟ್ಟಿದ್ದಳು. ಬೆನ್ನ ಹಿಂದೆ! "ಬೇಗ ಬನ್ರೀ, ಬಂದರು ಪೂರ್ತಿ ಕಾಣತ್ತೆ!" ಎಂದು ಗಿರಿಜಾ ಮೇಲಿನಿಂದ ಕರೆಯುತ್ತಿದ್ದಳು. ಇನ್ನೊಂದು ತಿರುವು ಹತ್ತಿದ್ದರೆ ಸಾಕಿತ್ತು. ನಾನು ಇಳಿದುಬಿಟ್ಟೆ.

ಇವರೆಲ್ಲ ಸೇರಿ ನನ್ನನ್ನು ಬೆಂಚಿಗೆ ಕಟ್ಟಿಹಾಕಿದ್ದಾರೆಂದು ಇಷ್ಟು ವರ್ಷ ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಈಗ ಬೈಯಲು ಯಾರೂ ಉಳಿಯಲಿಲ್ಲ.

"ಇಷ್ಟ್ ಲಗೂನ ನೋಡಿ ಬಂದ್ರೇನ್ರಿ ಅಂಕಲ್? ಹ್ಯಾಂಗಿತ್ತು?"

"ತುಂಬಾ ಚೆನ್ನಾಗಿತ್ತಮ್ಮಾ," ಎಂದೆ. "ನೀನೂ ಇನ್ನೊಂದ್ಸಲ ಹೋಗ್ಬಾ. ನಾನಿದೀನಲ್ಲ."