ಹೆಣ್ಣು ನೋಡುವ ಹೊತ್ತಿಗೆ ಸ್ತಂಭೀಭೂತರಾಗುವ ರೂಟರ್ ಮಹಾಶಯರಿಗೆ

ಹಿನಕಲ್‌ನ ನಮ್ಮ ಮನೆಯ ಹಾಲಿನಲ್ಲಿ ನಾಲ್ಕು ಕೊಂಬುಗಳನ್ನೆತ್ತಿ, ಹಸಿರು ಕಣ್ಣು ಮಿಟುಕಿಸುತ್ತಾ ವಿರಾಜಮಾನರಾಗಿರುವ ಮಾನ್ಯ ರೂಟರ್ ಮಹಾಶಯರೇ,

ಕರೆಂಟ್ ಬಿಲ್ಲಿನಲ್ಲಿ ಮಾತ್ರ ಈ ಮನೆಯ ಯಜಮಾನನಾಗಿರುವ ಸಿದ್ದೇಶನ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ನಾವಂತೂ ತಮ್ಮ ದೆಸೆಯಿಂದ ಕ್ಷೇಮವಾಗಿಲ್ಲ.

ನನ್ನ ಮಗಳು ನಯನಾಳಿಗೆ ಕೋಲಾರದ ಕಡೆಯಿಂದ ಒಳ್ಳೆಯ ಸಂಬಂಧ ಬಂದಿರುವುದೂ, ಮೊದಲು ವಿಡಿಯೋ ಕಾಲ್‌ನಲ್ಲೇ ಹುಡುಗಿ ನೋಡುತ್ತೇವೆಂದು ಅವರು ಹೇಳಿದ್ದೂ ತಮಗೆ ತಿಳಿಯದ್ದೇನಲ್ಲ, ಆ ಮಾತೂ ತಮ್ಮ ಮುಖಾಂತರವೇ ಬಂದದ್ದು. ಶಾಸ್ತ್ರ ಬಿಡಬಾರದೆಂದು ಕೇಸರಿಬಾತು ಮಾಡಿಸಿ, ಮಗಳ ಲ್ಯಾಪ್‌ಟಾಪ್ ತೆರೆದು ಕುಳಿತೆವು. ನನ್ನ ತಾಯಿ ಮಂಚಮ್ಮನವರು ತಟ್ಟೆಯನ್ನು ಪರದೆಯ ಮುಂದಿಟ್ಟು "ತಗೊಳಿ, ಸಂಕೋಚ ಪಟ್ಕೋಬೇಡಿ" ಎಂದು ಉಪಚಾರವನ್ನೂ ಮಾಡಿದರು. ಹುಡುಗನ ಸೋದರಮಾವ ಆಕಳಿಸಲು ಬಾಯಿ ತೆರೆದದ್ದು ಅದೇ ಗಳಿಗೆಯಲ್ಲಿ, ತಾವು ಅದನ್ನು ಮುಚ್ಚಲು ಬಿಡಲಿಲ್ಲ. ಬೀಗರಾಗಬೇಕಾದವರ ಕಿರುನಾಲಗೆಯವರೆಗೂ ದರ್ಶನ ಮಾಡಿಸಿದ ತಮ್ಮ ಔದಾರ್ಯಕ್ಕೆ ಏನು ಹೇಳಲಿ. ಚಿತ್ರ ನಿಂತಿದ್ದರೂ ಮಾತು ಹೋಗುತ್ತಿದೆಯೆಂದು ಅರಿಯದ ನನ್ನ ತಾಯಿ "ದವಡೆ ಹಲ್ಲು ಪೂರಾ ಹುಳುಕಾಗದೆ ಕಣೋ ಸಿದ್ದ" ಎಂದದ್ದು ಮಾತ್ರ ಕೋಲಾರಕ್ಕೆ ಸ್ಫುಟವಾಗಿ ತಲುಪಿತು.

ಎರಡನೇ ಸಲಕ್ಕೆ ನಾನು ತಮ್ಮ ಸೇವೆಯಲ್ಲಿ ಯಾವ ಕೊರತೆಯನ್ನೂ ಮಾಡಲಿಲ್ಲ. ಬೀದಿಯವರೆಲ್ಲರ ವೈಫೈ ಒಂದೇ ಚಾನೆಲ್‌ನಲ್ಲಿ ನೂಕುನುಗ್ಗಲು ಮಾಡುತ್ತಿದೆಯೆಂದು ಓದಿ, ತಮ್ಮನ್ನು ಖಾಲಿ ಚಾನೆಲ್‌ಗೆ ವರ್ಗಾಯಿಸಿದೆ. ವೇಗದ ಬ್ಯಾಂಡಿಗೆ ಹಾಕಿದರೆ ತಾವು ಗೋಡೆ ದಾಟುವುದಿಲ್ಲವೆಂದು ತಿಳಿದು, ಸೋಫಾವನ್ನೇ ತಮ್ಮ ಸನ್ನಿಧಿಗೆ ಎಳೆತಂದೆ. ರಾಹುಕಾಲ ಕಳೆಯುವವರೆಗೆ ಕಾದು ರೀಸ್ಟಾರ್ಟ್ ಮಾಡಿದೆ. ತಾಯಿಯವರು "ಯಾರ್ದೋ ಕಣ್ಣು ಬಿದ್ದದೆ" ಎಂದು ಆಯುಧಪೂಜೆಯಂತೆ ತಮಗೆ ಕುಂಕುಮವಿಟ್ಟು, ಸೇವಂತಿಗೆ ಮುಡಿಸಿ, ಇನ್ನು ದೃಷ್ಟಿಯೇ ತಾಗದಿರಲೆಂದು ಮೇಲೊಂದು ಸ್ಟೀಲ್ ಪಾತ್ರೆಯನ್ನೂ ಕವುಚಿದ್ದರು. ಸ್ಟೀಲು ವೈಫೈಯನ್ನೇ ತಡೆಯುತ್ತದೆಂದು ಅವರಿಗೆ ವಿವರಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಪಾಪ, ನಯನಾ "ಬುಡಿ ಅಪ್ಪ, ಸೆಟ್ಟಿಂಗ್ಸ್ ನಾನ್ ನೋಡ್ಕೋತೀನಿ, ನೀವು ಅಂಗಿ ಇಸ್ತ್ರಿ ಮಾಡ್ಕೊಳಿ" ಎಂದು ತಾನೇ ಕುಳಿತು ತಿದ್ದಿದಳು.

ಇಷ್ಟೆಲ್ಲ ಆಗಿಯೂ ತಾವು ಮತ್ತೆ ನಿಂತುಬಿಟ್ಟಿರಿ. ಹುಡುಗ "ನಿಮಗೆ ಒಪ್ಪಿಗೆ ಇದೆಯಾ" ಎಂದು ಕೇಳಿದ ಕ್ಷಣದಲ್ಲಿ ಅವರ ಪರದೆಯಲ್ಲಿ ಮಗಳ ಮುಖ ಗೋಡೆಗೆ ಹಾಕಿದ ಫೋಟೋದಂತಾಯಿತಂತೆ. ನನ್ನ ಹೊಟ್ಟೆ ಉರಿದದ್ದು ಇದಕ್ಕಲ್ಲ. ಅದೇ ಗಳಿಗೆಯಲ್ಲಿ ಪಕ್ಕದ ಕೋಣೆಯ ಮೊಬೈಲ್‌ನಲ್ಲಿ ತಾಯಿಯವರ ಧಾರಾವಾಹಿಯ ಅತ್ತೆ-ಸೊಸೆ ಜಗಳವು ಒಂದು ಹನಿ ಕಣ್ಣೀರೂ ತಪ್ಪದಂತೆ ಓಡುತ್ತಿತ್ತು. ಜಗಳಕ್ಕಿರುವ ವೇಗ ಮದುವೆಗೆ ಏಕಿಲ್ಲ ಸ್ವಾಮಿ?

ಕೋಲಾರದವರು ಭಾನುವಾರ ಕಡೆಯ ಸಲ ನೋಡುತ್ತಾರಂತೆ, ಆಗಲೂ ಆಗದಿದ್ದರೆ ಬೇರೆ ಹುಡುಗಿ ನೋಡುತ್ತಾರಂತೆ. ಆದುದರಿಂದ ತಾವು ಅರ್ಧ ಗಂಟೆ ಮಾತ್ರ ಮನುಷ್ಯರಂತೆ ನಡೆದುಕೊಳ್ಳಬೇಕೆಂದೂ, ಸಾಧ್ಯವಾಗದಿದ್ದರೆ ಖುದ್ದಾಗಿ ಬಸ್ಸು ಹತ್ತಿ ಕೋಲಾರಕ್ಕೆ ಹೋಗಿ ಮಾತುಕತೆ ಮುಗಿಸಿ ಬರಬೇಕೆಂದೂ ಕೋರುತ್ತೇನೆ. ಕೆಲಸವಾದರೆ ಮದುವೆ ಮಂಟಪದಲ್ಲಿ ತಮ್ಮ ನಾಲ್ಕು ಕೊಂಬಿಗೂ ಸೇರಿಸಿ ಮೈಸೂರು ಪೇಟ ತೊಡಿಸಿ ಸನ್ಮಾನಿಸಲಾಗುವುದು.

ತಮ್ಮ ಪ್ಲಗ್ಗಿನ ಬಳಿಯೇ ಕೈಮುಗಿದು ನಿಂತಿರುವ,
ತಮ್ಮ ವಿಶ್ವಾಸಿ,
ಸಿದ್ದೇಶ್, ಹಿನಕಲ್

ಮರೆತ ಮಾತು: ಅಂಚೆ ಚೀಟಿ ಅಂಟಿಸುವ ಮುನ್ನ ಇಂಟರ್ನೆಟ್ ಕಂಪನಿಯ ಸ್ವರೂಪ್ ಬಂದು ಪರೀಕ್ಷಿಸಿ, "ರೂಟರ್ ಚೆನ್ನಾಗೈತೆ ಸಾರ್, ಈ ಲ್ಯಾಪ್‌ಟಾಪ್ ಒಂದಕ್ಕೇ ಯಾರೋ ಸೆಟ್ಟಿಂಗ್ಸ್‌ನಲ್ಲಿ ಸ್ಪೀಡ್ ಕಟ್ ಮಾಡವ್ರೆ" ಎಂದರು. ನಾನು ತಿರುಗಿ ನೋಡಿದೆ. ನಯನಾ ತಲೆ ತಗ್ಗಿಸಲಿಲ್ಲ. "ಈ ಮದ್ವೆ ಬ್ಯಾಡ ಅಂತ ನಿಮ್ಗೆ ಎಷ್ಟ್ ಸಲ ಹೇಳಿದ್ರೂ ಕೇಳಿಸ್ಲಿಲ್ಲ ಅಪ್ಪ. ಈ ರೂಟರ್‌ಗೆ ಒಂದೇ ಸಲ ಹೇಳ್ದೆ, ಕೇಳ್ತು" ಎಂದಳು.